ಎಣ್ಣೆ ಹಾಕದ ರಾಟೆ

ನಮ್ಮ ಊರಿನಲ್ಲಿ ಬಾವಿಯ ರಾಟೆಗೆ ಯಾರೂ ಎಣ್ಣೆ ಹಾಕುವುದಿಲ್ಲ. ಹೊಳೆಯಾಚೆಯಿಂದ ಬಂದ ನೆಂಟರು ಬೆಳಿಗ್ಗೆ ಕಿವಿ ಮುಚ್ಚಿಕೊಂಡು ಏಳುತ್ತಾರೆ. "ಇದೆಂಥ ಊರು ಮಾರಾಯ್ರೆ, ಹಂದಿ ಕೊಯ್ದ ಹಾಗೆ ಕೇಳ್ತದೆ" ಎನ್ನುತ್ತಾರೆ. ಕೇಳಲಿ. ರಾಟೆ ಕೂಗದಿದ್ದರೆ ನಮ್ಮ ಗಂಡಸರು ಮನೆಗೆ ಬರುವುದು ಹೇಗೆ?

ಇಲ್ಲಿ ಮದುವೆಗೆ ಮುಂಚೆ ಗಂಡಿನ ಮನೆಯವರು ಅಂಗಳದಲ್ಲಿ ಹೊಸ ಬಾವಿ ತೋಡಿಸಬೇಕು. ಇಗರ್ಜಿಯಲ್ಲಿ ಮದುವೆಯ ಸುದ್ದಿ ಓದುವ ಮೊದಲು ಪಾದ್ರಿಗಳು ಕೇಳುವುದೇ ಅದನ್ನು, ಬಾವಿಯಲ್ಲಿ ನೀರು ಸಿಕ್ಕಿತೇ ಎಂದು. ಮದುಮಗಳು ಮೊದಲ ಕೊಡ ಎತ್ತಿದ ದಿನದಿಂದ ಆ ಬಾವಿ ಅವಳದು. ಅವಳ ಮೈಯಲ್ಲಿ ಮಗು ನಿಲ್ಲುವ ದಿನಗಳು ಬಂದಾಗ ನೀರು ಕಟ್ಟೆಯವರೆಗೆ ಏರಿ ಬರುತ್ತದೆ, ಬಗ್ಗಿ ಕೊಡ ಮುಳುಗಿಸಿದರೆ ಸಾಕು. ಆ ದಿನಗಳು ಕಳೆದ ಮೇಲೆ ನೀರು ತಳಕ್ಕೆ ಇಳಿಯುತ್ತದೆ. ಆಗ ಹಗ್ಗ ಬೇಕು, ರಾಟೆ ಬೇಕು. ಬಸುರಿಯಾದರೆ ನಡುವಿನಲ್ಲಿ ನಿಂತುಬಿಡುತ್ತದೆ. ಮುಟ್ಟು ನಿಂತ ಹೆಂಗಸರ ಬಾವಿ ವರ್ಷವಿಡೀ ತಳದಲ್ಲೇ. ಪಾದ್ರಿಗಳ ಬಂಗಲೆಯ ಬಾವಿ ಮಾತ್ರ ಮಳೆಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುತ್ತದೆ. ಪಾಪ, ಅದಕ್ಕೆ ಬೇರೇನು ಗೊತ್ತು.

ಮಗು ಬೇಕು ಎನ್ನುವವರು ನೀರು ಏರಿದಾಗ ಮನೆಯಲ್ಲೇ ಇರುತ್ತಾರೆ. ಸದ್ಯಕ್ಕೆ ಬೇಡ ಎನ್ನುವ ಮನೆಯ ಗಂಡಸು ಚಾಪೆ ಸುತ್ತಿಕೊಂಡು ಇಗರ್ಜಿಯ ಹಿಂದಿನ ಉದ್ದ ಜಗಲಿಗೆ ಮಲಗಲು ಹೋಗುತ್ತಾನೆ. ಮಗು ಬರುವ ಬಾಗಿಲಿಗೆ ನಾವಾಗಿ ಅಗುಳಿ ಹಾಕಬಾರದು, ಆದರೆ ತಕ್ಕ ಕಾರಣವಿದ್ದರೆ ಬಾಗಿಲು ತೆರೆದಿರುವ ದಿನಗಳಲ್ಲಿ ದೂರ ನಿಂತು ಕಾಯಬಹುದು. ಇದು ಮದುವೆಗೆ ಮುಂಚಿನ ಪಾಠದಲ್ಲಿ ನಮಗೆಲ್ಲ ಹೇಳಿಕೊಟ್ಟ ಮಾತು. ಮಾತ್ರೆ, ಆಪರೇಷನ್ ತಪ್ಪು, ಕಾಯುವುದು ತಪ್ಪಲ್ಲ. ಹಾಗೆಂದು ಜಗಲಿಯಲ್ಲಿ ಯಾರೂ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಾ ಕೂರುವುದಿಲ್ಲ. ಇಸ್ಪೀಟು ನಡೆಯುತ್ತದೆ, ಒಣಮೀನು ಸುಡುತ್ತಾರೆ, ಗೊರಕೆಯ ಬಗ್ಗೆ ಜಗಳವಾಗುತ್ತದೆ. ಬೆಳಗಾದ ಮೇಲೆ ಎಲ್ಲರ ಕಿವಿ ಊರಿನ ಕಡೆ. ಒಂದೊಂದು ರಾಟೆಗೆ ಒಂದೊಂದು ಕೂಗು. ತನ್ನ ಮನೆಯ ರಾಟೆ ಕೂಗಿತೆಂದರೆ ನೀರು ಇಳಿದಿದೆ ಎಂದರ್ಥ, ಅವನು ಚಾಪೆ ಸುತ್ತಿ ಏಳುತ್ತಾನೆ, ಉಳಿದವರು ಅವನ ಬೆನ್ನ ಹಿಂದೆ ನಗುತ್ತಾರೆ. ಗಂಡಸು ಹೆಂಡತಿಯ ಬಾವಿಗೆ ಇಣುಕುವುದು ಮರ್ಯಾದೆಯಲ್ಲ. ಹೆಂಡತಿ ಜಗಲಿಗೆ ಹೋಗಿ ಗಂಡನನ್ನು ಕರೆಯುವುದು ಅದಕ್ಕಿಂತ ಮರ್ಯಾದೆಗೇಡು. ಕರೆಯುವ ಕೆಲಸ ರಾಟೆಯದು.

ಒಮ್ಮೆ ಘಟ್ಟದ ಮೇಲಿನಿಂದ ಒಬ್ಬ ಹುಡುಗಿ ಮದುವೆಯಾಗಿ ಬಂದಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಬಂದಳು, ರಾಟೆ ಕಿರುಗುಟ್ಟುವುದು ಕೇಳಿ, ಈ ಮನೆಯವರು ಸೋಮಾರಿಗಳು ಎಂದುಕೊಂಡು ಚೆನ್ನಾಗಿ ಎಣ್ಣೆ ಹಾಕಿಬಿಟ್ಟಳು. ಅವಳ ಗಂಡ ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲ ನಲವತ್ತು ದಿನವೂ ಜಗಲಿಯಲ್ಲಿ ಮಲಗಿದ. ಎಂಥ ಭಕ್ತ ಎಂದು ಊರೆಲ್ಲ ಹೊಗಳಿತು, ಅವನು ಮಾತ್ರ ದಿನಕ್ಕೊಂದಿಷ್ಟು ಬಡವಾದ. ಈಸ್ಟರ್ ಹಬ್ಬಕ್ಕೆ ಅವನ ತಾಯಿ ಬಂದು ರಾಟೆ ಮುಟ್ಟಿ ನೋಡಿದ ಮೇಲೆ ವಿಷಯ ಗೊತ್ತಾಯಿತು. ಈ ಕಥೆಯನ್ನು ಹೇಳಿ ನಾವು ಎಷ್ಟೋ ವರ್ಷ ನಕ್ಕಿದ್ದೇವೆ. ನಾನೇ ಹೆಚ್ಚು ನಕ್ಕವಳು, ಯಾಕೆಂದರೆ ನನ್ನ ಗಂಡ ರಾಟೆ ಮಾಡುವವರು.

ನಮ್ಮವರ ಹೆಸರು ಬೊನಿಫಾಸ್. ಊರಿನ ಮುಕ್ಕಾಲು ಪಾಲು ರಾಟೆ ಇವರ ಕೈಯದು. ಹಲಸಿನ ಮರದ ಗಾಲಿ, ನಡುವೆ ಕಬ್ಬಿಣದ ಅಚ್ಚು. ಯಾವ ರಾಟೆ ಹೇಗೆ ಕೂಗಬೇಕು ಎನ್ನುವುದು ಅಚ್ಚನ್ನು ಎಷ್ಟು ಬಿಗಿಯಾಗಿ ಕೂರಿಸುತ್ತಾರೆ ಎನ್ನುವುದರಲ್ಲಿದೆ. ಮದುವೆಗೆ ನನಗೆಂದು ಮಾಡಿದ ರಾಟೆಯ ಕೂಗು ಎಷ್ಟು ಗಟ್ಟಿಯಾಗಿತ್ತೆಂದರೆ ನಾನು ಒಂದು ಕೊಡ ಎತ್ತಿದರೆ ಹೊಳೆಯ ದೋಣಿಯವನಿಗೂ ಕೇಳುತ್ತಿತ್ತು. "ಇಷ್ಟು ಜೋರು ಬೇಕಿತ್ತಾ?" ಎಂದು ನಾಚಿಕೊಂಡು ಕೇಳಿದ್ದೆ. "ನಂಗೆ ನಿದ್ದೆ ಜಾಸ್ತಿ, ಕೇಳದಿದ್ರೆ?" ಎಂದಿದ್ದರು. ಅಂಥ ಗಂಡ.

ಮೊದಲ ಎರಡು ಹೆರಿಗೆ ಸುಲಭವಾಗಿ ಆಯಿತು. ಮೂರನೆಯದು ಹಾಗಲ್ಲ. ಹೊಳೆಯಾಚೆಯ ಪೇಟೆಯ ಆಸ್ಪತ್ರೆಗೆ ನನ್ನನ್ನು ಮಂಚದಲ್ಲೇ ಹೊತ್ತುಕೊಂಡು ಹೋಗಿದ್ದರಂತೆ. ನನಗೆ ನೆನಪಿರುವುದು ದೋಣಿಯ ಅಲುಗಾಟ ಒಂದೇ. ಕಣ್ಣು ಬಿಟ್ಟಾಗ ಮಗಳು ಇರೆನ್ ಪಕ್ಕದಲ್ಲಿದ್ದಳು, ಇವರು ಕಾಲ ಬುಡದಲ್ಲಿ ನಿಂತಿದ್ದರು. ಡಾಕ್ಟರಮ್ಮ ನೇರ ಮಾತಿನವರು. "ನಿಮ್ಮ ಹೃದಯಕ್ಕೆ ಇನ್ನೊಂದು ಹೆರಿಗೆ ತಡ್ಕೊಳ್ಳುವ ಶಕ್ತಿ ಇಲ್ಲ. ಮಾತ್ರೆ ಉಂಟು, ಆಪರೇಷನ್ ಉಂಟು. ನಿಮ್ಮ ಊರಿನವರು ಒಪ್ಪುದಿಲ್ಲ ಅಂತ ಗೊತ್ತು. ಆದ್ರೂ ಹೇಳುದು ನನ್ನ ಕೆಲಸ" ಎಂದರು.

ನಾನು ಆ ಬಗ್ಗೆ ಯೋಚಿಸಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದೆ. ಮಾತ್ರೆ ನುಂಗಿದವರ ಬಾವಿ ಒಂದೇ ಮಟ್ಟದಲ್ಲಿ ನಿಂತುಬಿಡುತ್ತದೆ. ನಮ್ಮ ಬೀದಿಯಲ್ಲೂ ಅಂಥ ಬಾವಿ ಇದೆ, ಆ ಮನೆಯವರು ಒಳ್ಳೆಯವರೇ, ನಾವು ಯಾರೂ ಅವರನ್ನು ಕೇಳಲು ಹೋಗಿಲ್ಲ. ಆದರೆ ನನಗೆ ಆಗಲಿಲ್ಲ. ಚಿಕ್ಕಂದಿನಿಂದ ಕೇಳಿಸಿಕೊಂಡು ನಂಬಿದ್ದನ್ನು ಹೆದರಿಕೆ ಬಂತೆಂದು ಬಿಡುವುದು ನನ್ನ ಗುಣವಲ್ಲ. ನಂಬಿದ್ದರ ಜೊತೆ ಜಗಳವಾಡುವುದು ನನ್ನ ಗುಣ. "ನಾವು ಬಾವಿ ನೋಡಿಕೊಂಡೇ ಇರುವ" ಎಂದು ದೋಣಿಯಲ್ಲಿ ಬರುವಾಗ ಹೇಳಿದೆ. ಇವರು ಹೊಳೆ ನೋಡುತ್ತಾ ತಲೆಯಾಡಿಸಿದರು.

ಮನೆಗೆ ಬಂದ ವಾರವೇ ಇವರು ನನ್ನ ರಾಟೆ ಬಿಚ್ಚಿ ಹೊಸದು ಕಟ್ಟಿದರು. ಹಳೆಯದು ಭಾರ, ನಿನಗೆ ಎಳೆಯಲು ಕಷ್ಟ ಎಂದರು. ಹೊಸ ರಾಟೆ ಬೆಣ್ಣೆಯ ಹಾಗೆ ತಿರುಗುತ್ತಿತ್ತು, ಒಂದು ಸದ್ದಿಲ್ಲ. "ಹೊಸ ಮರ ಅಲ್ವಾ, ಪಳಗಿದ ಮೇಲೆ ಕೂಗ್ತದೆ" ಎಂದರು. ರಾಟೆಯ ವಿಷಯದಲ್ಲಿ ಇವರಿಗೆ ಎದುರು ಹೇಳಲು ನಾನು ಯಾರು? ಬಾಣಂತಿಯ ಬಾವಿಗೆ ಹೇಗೂ ಬುದ್ಧಿ ನೆಟ್ಟಗಿರುವುದಿಲ್ಲ, ಇವತ್ತು ಏರುತ್ತದೆ ನಾಳೆ ಇಳಿಯುತ್ತದೆ. ಸಂಜೆ ಊಟ ಮಾಡಿ, ಮಕ್ಕಳನ್ನು ಮಲಗಿಸಿ, ಚಾಪೆ ಸುತ್ತಿಕೊಂಡು ಇವರು ಜಗಲಿಗೆ ಹೋದರು. ಸರಿ ಎಂದುಕೊಂಡೆ.

ಇರೆನ್ ಕುಳಿತಳು, ಅಂಬೆಗಾಲಿಟ್ಟಳು, ಗೋಡೆ ಹಿಡಿದು ನಿಂತಳು. ನನ್ನ ಬಾವಿ ಮೊದಲಿನಂತೆ ತಿಂಗಳಿಗೆ ಸರಿಯಾಗಿ ಏರಿ ಇಳಿಯತೊಡಗಿತು. ರಾಟೆ ಮಾತ್ರ ಪಳಗಲಿಲ್ಲ. ಇವರು ಹಗಲೆಲ್ಲ ಅಂಗಳದ ಕೊಟ್ಟಿಗೆಯಲ್ಲಿ ಕೂತು ಕೆತ್ತುತ್ತಿದ್ದರು, ನಾನು ಹತ್ತು ಮಾರು ದೂರದಲ್ಲಿ ನೀರು ಸೇದುತ್ತಿದ್ದೆ, ಆದರೂ ತಲೆ ಎತ್ತುತ್ತಿರಲಿಲ್ಲ. ಮಕ್ಕಳ ಜೊತೆ ನಗು, ನನ್ನ ಜೊತೆ ಅಕ್ಕಿ ಬೇಳೆಯ ಮಾತು. ಕತ್ತಲಾಗುವ ಮೊದಲು ಚಾಪೆ. ಜಗಲಿಯಲ್ಲಿ ಉಳಿದವರು ಬರುತ್ತಾರೆ ಹೋಗುತ್ತಾರೆ, ಇವರಿಗೆ ಮಾತ್ರ ಅಲ್ಲೊಂದು ಖಾಯಂ ಮೂಲೆ. ಇವರನ್ನು ಜಗಲಿಯ ಜಮೀನ್ದಾರರು ಎಂದು ಕರೆಯುತ್ತಿದ್ದರಂತೆ. ಅದನ್ನು ಕೇಳಿದ ದಿನ ನಾನು ಕನ್ನಡಿಯ ಮುಂದೆ ನಿಂತು, ನನ್ನಲ್ಲಿ ಏನು ಕೆಟ್ಟುಹೋಗಿದೆ ಎಂದು ನೋಡಿದೆ. ಬಡವಾಗಿದ್ದೆ, ಕೂದಲು ಉದುರಿತ್ತು. ಹೀಗಾದ ಹೆಂಡತಿ ಬೇಡವಾದಳು, ಅಷ್ಟೇ ಎಂದುಕೊಂಡು ಅತ್ತೆ. ಸಾಯುವ ಹೆದರಿಕೆಗಿಂತ ಅದು ದೊಡ್ಡದಾಗಿತ್ತು.

ಪಕ್ಕದ ಮನೆಯ ಅಪೊಲಿನ್‌ಗೆ ಎಂಟು ಮಕ್ಕಳು, ನಾವೆಲ್ಲ ಅವಳನ್ನು ಅಕ್ಕ ಎನ್ನುವ ಹಾಗೆ ಬಾಯಿ ಎನ್ನುತ್ತೇವೆ. ಅವಳ ಬಾವಿ ತಳ ಸೇರಿ ವರ್ಷಗಳಾದವು, ನೀರಿಗೆ ಆಗಾಗ ನನ್ನ ಬಾವಿಗೆ ಬರುತ್ತಾಳೆ. ಒಂದು ದಿನ ಹಗ್ಗ ಇಳಿಸಿ ನನ್ನ ಮುಖ ನೋಡಿದಳು.

"ಎಂತ ಮಾರಾಯ್ತಿ, ನಿನ್ನ ರಾಟೆಗೆ ಗಂಟಲು ಕಟ್ಟಿದ್ದಾ?"

"ಹೊಸ ಮರ ಬಾಯಿ. ಪಳಗ್ಬೇಕಂತೆ."

"ಎಂತ ಹೊಸ ಮರ? ಮಗು ನಿಂತು ನಡೀಲಿಕ್ಕೆ ಆಯ್ತು" ಎಂದು ಅಚ್ಚಿನ ಮೇಲೆ ಬೆರಳಾಡಿಸಿ ಮೂಗಿಗೆ ಹಿಡಿದಳು. ಆಮೇಲೆ ಆ ಬೆರಳನ್ನು ನನ್ನ ಮೂಗಿಗೂ ಹಿಡಿದಳು. ತೆಂಗಿನೆಣ್ಣೆ. ಅದೂ ಹಳತಲ್ಲ. ನನ್ನ ಮನೆಯ ಎಣ್ಣೆ ಇಷ್ಟು ಬೇಗ ಯಾಕೆ ಮುಗಿಯುತ್ತದೆ ಎಂದು ನಾನು ಮಕ್ಕಳ ತಲೆಯನ್ನು ಬೈಯುತ್ತಿದ್ದೆ.

ಮರುದಿನ ಇಗರ್ಜಿಯ ಮೊದಲ ಗಂಟೆಗಿಂತ ಮುಂಚೆ ಎದ್ದು ಬಚ್ಚಲ ಮರೆಯಲ್ಲಿ ಕೂತೆ. ಆಗಷ್ಟೇ ಬೆಳಕು ಹರಿಯುತ್ತಿತ್ತು. ಇವರು ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬೇಲಿ ದಾಟಿ ಬಂದರು. ಕೈಯಲ್ಲಿ ಸಣ್ಣ ಡಬ್ಬ, ಒಂದು ಕೋಳಿ ಗರಿ. ಆ ರಾತ್ರಿಯೇ ನೀರು ಏರಿ ಕಟ್ಟೆ ಮುಟ್ಟಿತ್ತು, ಎಣ್ಣೆಯ ಅಗತ್ಯವೇ ಇರಲಿಲ್ಲ. ಆದರೆ ಇವರಿಗೆ ಅದು ಗೊತ್ತಿಲ್ಲ, ಯಾಕೆಂದರೆ ಮುಖವನ್ನು ಆಚೆ ತಿರುಗಿಸಿಕೊಂಡು, ಬಾವಿಯ ಒಳಗೆ ನೋಡದೆ, ಕೈಯಂದಾಜಿನಲ್ಲಿ ಗರಿಯನ್ನು ಅಚ್ಚಿಗೆ ಸವರುತ್ತಿದ್ದರು. ಕಳ್ಳತನ ಮಾಡುವಾಗಲೂ ಮರ್ಯಾದೆ ಬಿಡದ ಮನುಷ್ಯ.

"ಈ ಸೇವೆ ಎಷ್ಟು ತಿಂಗಳಿಂದ ನಡೀತಾ ಉಂಟು?" ಎಂದೆ.

ಡಬ್ಬ ಕೈಜಾರಿ ನೀರಿಗೆ ಬಿತ್ತು. ಎಣ್ಣೆ ನೀರಿನ ಮೇಲೆ ಹರಡಿತು. ಇವರು ಓಡಲಿಲ್ಲ, ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ನಾನು ಬೇಡ ಅಂತಾದ್ರೆ ಬಾಯಿ ಬಿಟ್ಟು ಹೇಳಿ. ರಾಟೆಯ ಬಾಯಿ ಕಟ್ಟುದು ಯಾಕೆ?"

"ಬೇಡ ಅಂತ ಯಾರು ಹೇಳಿದ್ದು?" ಎಂದರು. "ಆವತ್ತು ಆಸ್ಪತ್ರೆಯಲ್ಲಿ ನರ್ಸ್ ಹೊರಗೆ ಬಂದು, ನಿಮ್ಮ ಪಾದ್ರಿಯನ್ನು ಕರೀಲಿಕ್ಕುಂಟಾ ಅಂತ ಕೇಳಿದ್ಳು. ನಾನೇ ದೋಣಿಯಲ್ಲಿ ಹೋಗಿ ಫಾದರನ್ನು ಕರ್ಕೊಂಡು ಬಂದದ್ದು. ನಿನ್ನ ಹಣೆಗೆ, ಕೈಗೆ ಎಣ್ಣೆ ಹಚ್ಚಿದ್ರು. ನಿಂಗೆ ಗೊತ್ತೇ ಆಗ್ಲಿಲ್ಲ. ನಾನು ಕಾಲ ಬುಡದಲ್ಲಿ ನಿಂತಿದ್ದೆ."

ಸಾಯುವವರಿಗೆ ಹಚ್ಚುವ ಎಣ್ಣೆಯನ್ನು ನನಗೆ ಹಚ್ಚಿದ್ದರೆಂದು ನನಗೆ ಯಾರೂ ಹೇಳಿರಲಿಲ್ಲ. ಕೈ ತನ್ನಷ್ಟಕ್ಕೆ ಹಣೆಗೆ ಹೋಯಿತು.

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿ ಎಂತ ಮಾಡುದು? ನೀನು ಬದುಕಿ ಬಂದೆ. ಬಾವಿ ನೋಡಿಕೊಂಡು ಇರುವ ಅಂದೆ ನೀನು. ಬಾವಿ ತಪ್ಪುದೇ ಇಲ್ವಾ? ಹಾಗಾದ್ರೆ ಅಪೊಲಿನ್ ಬಾಯಿಯ ವಿಟಸ್ ಎಲ್ಲಿಂದ ಬಂದ?"

ವಿಟಸ್ ಅಪೊಲಿನಳ ಏಳನೆಯವನು, ನೀರು ತಳದಲ್ಲಿದ್ದಾಗ ಬಂದವನು. ಬಾವಿಗೆ ಹೇಳದೆ ಬಂದವನು ಎಂದು ಅವಳು ಅವನನ್ನು ಮುದ್ದು ಮಾಡುತ್ತಾಳೆ. ನಾವೂ ನಗುತ್ತೇವೆ. ಅವಳ ಹೃದಯ ಗಟ್ಟಿ, ಅವಳು ನಗಬಹುದು.

"ನಿನ್ನ ರಾಟೆ ಕೂಗಿದ್ರೆ ನಂಗೆ ಬಾರದೆ ಇರ್ಲಿಕ್ಕೆ ಆಗುದಿಲ್ಲ ಸೆವ್ರಿನ್" ಎಂದರು. "ಅದಕ್ಕೆ ಕೂಗದ ಹಾಗೆ ಮಾಡಿದೆ."

ನನಗೆ ಅಳು ಬಂತು. ಅದಕ್ಕಿಂತ ಮುಂಚೆ ಸಿಟ್ಟು ಬಂತು. "ಸಾಯುವವಳು ನಾನಲ್ವಾ? ನನ್ನನ್ನು ಒಂದು ಮಾತು ಕೇಳ್ಬಾರದಾ? ಮೈ ನನ್ನದು, ಬಾವಿ ನನ್ನದು, ಹೆದರಿಕೆ ಮಾತ್ರ ನಿಮ್ಮೊಬ್ಬರದ್ದಾ?" ಎಂದೆ. ಇಗರ್ಜಿಯ ಗಂಟೆ ಹೊಡೆಯಿತು, ಇವರು ಚಾಪೆ ಎತ್ತಿಕೊಂಡು ಕೊಟ್ಟಿಗೆಗೆ ಹೋದರು. ನಾನು ಮುಖ ತೊಳೆದು ಪೂಜೆಗೆ ಹೋದೆ. ಪೂಜೆಯಲ್ಲಿ ಏನು ಓದಿದರೋ ದೇವರಾಣೆಗೂ ಗೊತ್ತಿಲ್ಲ.

ಪೂಜೆ ಮುಗಿದ ಮೇಲೆ ಫಾದರ್ ಸಿಪ್ರಿಯನ್ ಬಸಳೆ ಚಪ್ಪರದ ಕೆಳಗೆ ಸಿಕ್ಕಿದರು. ಅವರು ಸಂಕೋಚದ ಮನುಷ್ಯರು, ಮದುವೆಯ ಪಾಠ ಮಾಡುವಾಗ ಕಿಟಕಿಯ ಹೊರಗೆ ನೋಡಿಕೊಂಡು ಮಾಡುತ್ತಾರೆ.

"ನನ್ನ ಹಣೆಗೆ ಎಣ್ಣೆ ಹಚ್ಚಿದ್ದನ್ನು ನೀವೂ ಹೇಳ್ಲಿಲ್ಲ ಫಾದರ್" ಎಂದು ಶುರು ಮಾಡಿದೆ. ರಾಟೆಯ ಕಥೆ ಪೂರ್ತಿ ಹೇಳಿದೆ. "ನೀವು ನಮಗೆ ಕಲಿಸಿದ್ದು ಕಾಯ್ಲಿಕ್ಕಾ, ಓಡಿಹೋಗ್ಲಿಕ್ಕಾ?"

ಫಾದರ್ ಬಸಳೆಯ ಒಂದು ಎಲೆ ಹಿಡಿದುಕೊಂಡು ಅದಕ್ಕೇ ಹೇಳಿದರು. "ಬೊನಿಫಾಸ್ ಕಾದದ್ದು ತಪ್ಪಲ್ಲ. ನಿನ್ನನ್ನು ಕೇಳದೆ ಕಾದದ್ದು ತಪ್ಪು. ದೂರ ಇರುದು ಇಬ್ಬರೂ ಒಪ್ಪಿ ಮಾಡುವಂಥದ್ದು. ಒಬ್ಬನೇ ಮಾಡಿದ್ರೆ ಅದು ಇನ್ನೊಬ್ಬರಿಂದ ಕಿತ್ಕೊಂಡ ಹಾಗೆ. ಪಾಠದಲ್ಲಿ ಹೇಳ್ತೇನಲ್ಲ."

"ನೀವು ಅದನ್ನು ಕಿಟಕಿಗೆ ಹೇಳ್ತೀರಿ ಫಾದರ್, ನಮಗೆ ಕೇಳುದಿಲ್ಲ."

ಅವರಿಗೆ ನಗು ಬಂತು, ತಡೆದುಕೊಂಡರು.

"ಬಾವಿ ತಪ್ಪಿದ್ರೆ?" ಎಂದು ಕೇಳಿದೆ. ಅದೇ ನಾನು ಕೇಳಲು ಬಂದದ್ದು.

"ತಪ್ಪುದು ಕಮ್ಮಿ."

"ಕಮ್ಮಿಯಲ್ಲಿ ನಾನು ಬಿದ್ರೆ?"

ಎಲೆ ಬಿಟ್ಟು ಅವರು ಮೊದಲ ಸಲ ನನ್ನ ಮುಖ ನೋಡಿದರು. "ನನ್ನ ಹತ್ರ ಅದಕ್ಕೆ ಉತ್ತರ ಇಲ್ಲ ಸೆವ್ರಿನ್. ಉಂಟು ಅಂತ ಹೇಳಿದ್ರೆ ಸುಳ್ಳಾಗ್ತದೆ. ಎಷ್ಟು ಕಾಯ್ಬೇಕು ಅಂತ ನೀವಿಬ್ಬರೇ ಕೂತು ಮಾತಾಡಿ. ನೀವು ಮಾತಾಡುವಾಗ ನಾನು ಪ್ರಾರ್ಥನೆ ಮಾಡ್ತೇನೆ, ನನ್ನಿಂದಾಗುದು ಅಷ್ಟು."

ಇನ್ನೊಬ್ಬರಾಗಿದ್ದರೆ ದೇವರಿದ್ದಾನೆ ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದರು. ಗೊತ್ತಿಲ್ಲ ಎಂದು ಹೇಳಿದ್ದಕ್ಕೆ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು.

ಮನೆಗೆ ಬರುವಾಗ ಅಪೊಲಿನ್ ಬಾಯಿಯನ್ನೂ ಕರೆತಂದೆ. ಇವರು ಯಾರದ್ದೋ ಬಾವಿಗೆ ರಾಟೆ ಕಟ್ಟಲು ಹೋಗಿದ್ದರು. ಕೊಟ್ಟಿಗೆಯ ಗೋಡೆಯಲ್ಲಿ ನನ್ನ ಹಳೆಯ ರಾಟೆ ತೂಗುತ್ತಿತ್ತು. ಒಂದು ಚೂರೂ ಧೂಳಿರಲಿಲ್ಲ, ದಿನಾ ಒರೆಸುತ್ತಿದ್ದರೆಂದು ಕಾಣುತ್ತದೆ. ಅದನ್ನು ನೋಡಿ ನನ್ನ ಸಿಟ್ಟಿನ ಅರ್ಧ ಅಲ್ಲೇ ಇಳಿಯಿತು. ಹೊಸದನ್ನು ಬಿಚ್ಚಿದೆವು, ಹಳೆಯದನ್ನು ಕಟ್ಟಿದೆವು. ಅಚ್ಚನ್ನು ಬೂದಿ ಹಾಕಿ ಉಜ್ಜಿದೆ.

"ಹಗಲು ಕಂಡ ಬಾವಿಗೆ ರಾತ್ರಿ ಬಿದ್ದ ಹಾಗೆ ಮಾಡ್ಬೇಡ ಮಗಾ" ಎಂದಳು ಅಪೊಲಿನ್, ಹಗ್ಗ ಹಿಡಿದುಕೊಂಡು. ಹೇಳಿದವಳಿಗೆ ಎಂಟು ಮಕ್ಕಳು ಎನ್ನುವುದನ್ನು ನಾನು ನೆನಪಿಸಲಿಲ್ಲ.

"ಬೀಳ್ಲಿಕ್ಕೆ ಅಲ್ಲ ಬಾಯಿ, ಮಾತಾಡ್ಲಿಕ್ಕೆ" ಎಂದೆ.

ನೀರು ಮತ್ತೂ ಕೆಲವು ದಿನ ಕಟ್ಟೆಯ ಮಟ್ಟದಲ್ಲೇ ನಿಂತಿತ್ತು. ಇವರು ಬರುತ್ತಿದ್ದರು, ಉಣ್ಣುತ್ತಿದ್ದರು, ಹೋಗುತ್ತಿದ್ದರು. ಹಳೆಯ ರಾಟೆ ಬಾವಿಯ ಮೇಲೆ ತೂಗುವುದನ್ನು ನೋಡಿದ್ದರು, ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಗ್ಗಿದರೆ ಕೊಡಕ್ಕೆ ನೀರು ಸಿಗಲಿಲ್ಲ. ಹಗ್ಗ ಕಟ್ಟಿ ಕೊಡ ಇಳಿಸಿದೆ. ಎಳೆಯುವ ಮುಂಚೆ ಶಿಲುಬೆ ಗುರುತು ಹಾಕಿಕೊಂಡೆ.

ರಾಟೆ ಕೂಗಿತು. ಎಷ್ಟೋ ದಿನದ ಸಿಟ್ಟನ್ನೆಲ್ಲ ಸೇರಿಸಿ ಕೂಗಿತು. ಕೋಳಿಗಳು ಬೇಲಿ ಹಾರಿದವು, ಇರೆನ್ ಬೆಚ್ಚಿ ಅತ್ತಳು. ಜಗಲಿಯಲ್ಲಿ ಇಸ್ಪೀಟಿನ ಎಲೆ ಹಂಚುತ್ತಿದ್ದವರ ಕೈ ನಿಂತುಹೋಯಿತಂತೆ. "ಬೊನಿಫಾಸಾ, ಅದು ನಿನ್ನದೇ ಅಲ್ವಾ?" ಎಂದು ಯಾರೋ ಕೇಳಿದರಂತೆ. ಇವರು ಏಳಲಿಲ್ಲ. ಮಧ್ಯಾಹ್ನದ ಊಟಕ್ಕೂ ಬರಲಿಲ್ಲ. ನಾನು ಇನ್ನೊಂದು ಕೊಡ ಎಳೆದೆ, ಮತ್ತೊಂದು ಎಳೆದೆ, ಬೇಡದಿದ್ದರೂ ಎಳೆದೆ. ಮನೆಯ ಪಾತ್ರೆಗಳೆಲ್ಲ ತುಂಬಿದವು. ಬಸಳೆಗೂ ಬಾಳೆಗೂ ಹೊಯ್ದೆ. ಊರು ಏನು ಬೇಕಾದರೂ ಎಂದುಕೊಳ್ಳಲಿ, ಮರ್ಯಾದೆ ನೋಡಿಕೊಂಡು ಕೂತದ್ದು ಸಾಕಾಗಿತ್ತು.

ಸಂಜೆ ಬಿಸಿಲು ತಗ್ಗಿದ ಮೇಲೆ ಇವರು ಬಂದರು. ಕಂಕುಳಲ್ಲಿ ಚಾಪೆ. ಅಂಗಳದ ನಡುವೆ ನಿಂತು, "ನೀರು ಎಷ್ಟು ಇಳಿದಿದೆ?" ಎಂದು ಕೇಳಿದರು.

"ಬಂದು ನೋಡಿ."

"ಗಂಡಸರು ನೋಡ್ಬಾರದು."

"ಹತ್ತು ಆಜ್ಞೆಯಲ್ಲಿ ಉಂಟಾ ಅದು? ಎಷ್ಟನೇದು?"

ಇವರು ನನ್ನನ್ನು ನೋಡಿದರು, ಬಾವಿಯನ್ನು ನೋಡಿದರು. ಚಾಪೆಯನ್ನು ಕಟ್ಟೆಗೆ ಒರಗಿಸಿಟ್ಟು, ಎರಡು ಕೈಯೂರಿ ಬಗ್ಗಿದರು. ಅಷ್ಟು ವರ್ಷ ನನ್ನ ಗಂಡನಾಗಿದ್ದು ಅವತ್ತು ಮೊದಲ ಸಲ ನನ್ನ ಬಾವಿಯ ಒಳಗೆ ನೋಡಿದರು. ನಾನೂ ಪಕ್ಕದಲ್ಲಿ ಬಗ್ಗಿದೆ. ಕೆಳಗೆ ನೀರಿನಲ್ಲಿ ಎರಡು ತಲೆಗಳು ಕಂಡವು.

"ಕಲ್ಲು ಇನ್ನೂ ಒದ್ದೆ ಉಂಟು" ಎಂದರು.

"ಇವತ್ತಷ್ಟೇ ಇಳಿದದ್ದು."

"ಇನ್ನೂ ಇಳೀತದಾ?"

"ಇಳೀತದೆ. ನೀರಿನಡಿಯಲ್ಲಿ ಆ ಕಪ್ಪು ಕಲ್ಲು ಕಾಣ್ತದಲ್ಲ, ಅದು ಹೊರಗೆ ಬರುವವರೆಗೆ."

ಅವರು ಆ ಕಲ್ಲನ್ನು ಹುಡುಕಿದರು. ರಾಟೆಗೆ ಮರ ಆರಿಸುವಾಗ ನೋಡುವ ಹಾಗೆ, ಅವಸರವಿಲ್ಲದೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಆ ಕಲ್ಲು ಪೂರ್ತಿ ಒಣಗುವವರೆಗೆ ಕಾಯುವಾ? ನಿಂಗೆ ಹೇಗೆ ಕಾಣ್ತದೆ?" ಎಂದು ಕೇಳಿದರು.

ಕೇಳಿದರು. ನನಗೆ ಬೇಕಾಗಿದ್ದದ್ದು ಆ ಒಂದು ಪ್ರಶ್ನೆ. "ಕಾಯುವ. ಒಣಗಿದ ಮೇಲೂ ಹೆದರಿಕೆ ಹೋಗದಿದ್ರೆ ಮತ್ತೊಮ್ಮೆ ಮಾತಾಡುವ" ಎಂದೆ.

ಅವರು ತಲೆಯಾಡಿಸಿದರು. ಮುಖದ ಮೇಲಿಂದ ಏನೋ ಇಳಿದುಹೋದಂತೆ ಕಂಡಿತು. ಆಮೇಲೆ ಅಭ್ಯಾಸಬಲದಿಂದ ಚಾಪೆ ಎತ್ತಿಕೊಂಡು ಜಗಲಿಯ ಕಡೆ ತಿರುಗಿದರು. ನಾನು ಚಾಪೆಯ ಇನ್ನೊಂದು ತುದಿ ಹಿಡಿದೆ.

"ಎಲ್ಲಿಗೆ?"

"ಕಾಯ್ಲಿಕ್ಕೆ."

"ಕಾಯುದಾದ್ರೆ ಇಲ್ಲೇ ಕಾಯಿರಿ."

"ಇಲ್ಲಿ ಹೆದರಿಕೆ ಆದ್ರೆ?"

"ಹೆದರುದೂ ಇಲ್ಲೇ" ಎಂದೆ. "ನಂಗೂ ಆಗ್ತದೆ."

ಅವರು ತಮ್ಮ ಕಡೆಯ ತುದಿಯನ್ನು ಬಿಟ್ಟರು, ನಾನು ಚಾಪೆಯನ್ನು ಒಳಗೆ ತಂದೆ.